ಮುಚ್ಚಬೇಕಾದ ಸಂದು, ಮುಚ್ಚಬಾರದ ಸಂದು

ಶೀತದೇಶಗಳ ಮನೆಗಳಲ್ಲಿ ಗೋಡೆಯ ಬುಡದುದ್ದಕ್ಕೂ ಬಿಸಿನೀರಿನ ಕೊಳವೆಗಳನ್ನು ಹಾಯಿಸಿ ಕೋಣೆಯನ್ನು ಬೆಚ್ಚಗಿಡುವ ಪದ್ಧತಿಯುಂಟು. ಕೊಳವೆಯು ಗೋಡೆಯನ್ನು ತೂರಿಹೋಗುವೆಡೆ ಉಳಿದ ಸಂದನ್ನು ಅಲ್ಲಿಯವರು ಜಾಗರೂಕತೆಯಿಂದ ಮುಚ್ಚುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮನೆಗಳಲ್ಲಿ ಅಂಥ ಕೊಳವೆಗಳಿಲ್ಲ. ಧನುರ್ಮಾಸದ ಚಳಿಯುಂಟು, ಸಂದುಗಳಂತೂ ಬೇಕಾದಷ್ಟುಂಟು. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಮಾತ್ರ ಸಾಲದೆಂದು ನಮಗೆ ತೋರುತ್ತದೆ.

ಬೆಚ್ಚಗಿನ ಗಾಳಿ ಹಗುರವಾದುದರಿಂದ ಮೇಲೇರಿ ಹೆಂಚುಗಳ ಎಡೆಯಿಂದ ಹೊರಬೀಳುತ್ತದೆ. ತೆರವಾದ ಸ್ಥಳಕ್ಕೆ ಹೊರಗಿನ ತಣ್ಣನೆಯ ಗಾಳಿ ಗೋಡೆಯ ಬುಡದ ಬಿಲಗಳಿಂದಲೂ ಬಾಗಿಲಿನ ಕೆಳಗಿನಿಂದಲೂ ನುಸುಳುತ್ತದೆ. ಚಾಪೆಯ ಮೇಲೆ ಮಲಗುವವರಿಗೆ ಮೊದಲು ತಗಲುವುದು ಇದೇ. ಆ ಬಿಲಗಳಿಂದ ಬರುವುದು ಗಾಳಿಯೊಂದೇ ಅಲ್ಲ. ಇಲಿ, ಚೇಳು, ಹಾವುಗಳೂ ಬರುತ್ತವೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಿನ ಚಿಗಟವೇ ಆ ರೋಗವನ್ನು ಹರಡುವುದೆಂದು ಕಂಡುಕೊಂಡನು. ಆದಕಾರಣ ಬುಡದ ಬಿಲವನ್ನು ಮುಚ್ಚಲೇಬೇಕು. ಮಣ್ಣಿನ ಗೋಡೆಯಾದರೆ ಸಿಮೆಂಟನ್ನು ಮೆತ್ತುವುದು ದಂಡ. ಮಣ್ಣು ನೆನೆದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಹಾಗೆ ಮಾಡದೆ ಕಳಚಿಬೀಳುತ್ತದೆ. ಹುಲ್ಲು ಕಲಸಿದ ಮಣ್ಣೇ ಲೇಸು. ಅದರೊಳಗೆ ಗಾಜಿನ ಚೂರು ಸೇರಿಸುತ್ತಿದ್ದ ಹಿರಿಯರಿಗೆ ಇಲಿಯ ಸ್ವಭಾವ ಚೆನ್ನಾಗಿ ತಿಳಿದಿತ್ತು!

ಇನ್ನು ಮುಚ್ಚಬಾರದ ಸಂದಿನ ಮಾತು. ಬಾಣಂತಿಯ ಕೋಣೆಯನ್ನು ನೆನೆಯಿರಿ. ಕಿಟಕಿ ಹಾಕಿ, ಬೆಳಕಿಂಡಿಗೆ ಬಟ್ಟೆ ತುರುಕಿ, ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ತಾಯಿಮಗುವನ್ನು ಬೆಚ್ಚಗಿಡುವುದು ವಾತ್ಸಲ್ಯದಿಂದಲೇ. ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂದು ಮನೆಯವರು ನಂಬುತ್ತಾರೆ. ವಾಸ್ತವದಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಬಳಿಕ ಮಂಪರು. ಮಲಗಿದವರು ಏಳದೆಯೇ ಹೋಗಬಹುದು. ಮುಚ್ಚಿದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರಿನಿಂದ ಸಂಭವಿಸಿದ ಸಾವುಗಳಿಗೂ ಇದೇ ಕಾರಣ. ಮನೆ ಹೊಸದಾದಷ್ಟೂ ಸಂದು ಕಡಮೆ, ಅಪಾಯ ಹೆಚ್ಚು. ಹಳೆಯ ಹೆಂಚಿನ ಮನೆಯ ಸಂದುಗಳೇ ಎಷ್ಟೋ ಜೀವಗಳನ್ನು ಉಳಿಸಿರಬೇಕು.

ಆದುದರಿಂದ ಬೆಂಕಿ ಉರಿಯುವ ಕೋಣೆಗೆ ಗಾಳಿ ಬರಲೊಂದು, ಹೋಗಲೊಂದು ದಾರಿ ಇರಲೇಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಕೆಳಗಿನ ಕಿಂಡಿಗೆ ಇಲಿ ನುಗ್ಗದಂತೆ ತಂತಿಬಲೆ ಬಡಿಯಿರಿ. ಮೇಲಿನ ಬೆಳಕಿಂಡಿಯನ್ನು ತೆರೆದಿಡಿ. ಗ್ಯಾಸ್ ಗೀಸರು ಬಚ್ಚಲಿನ ಹೊರಗಿರಲಿ. ಮಲಗುವ ಕೋಣೆಯಲ್ಲಿ ಕೆಂಡವೇ ಬೇಡ. "ಬಾಣಂತಿಗೆ ಶೀತವಾದೀತು" ಎಂದು ಅಜ್ಜಿ ಆಕ್ಷೇಪಿಸುವರು. ಅವರೊಡನೆ ವಾದಕ್ಕಿಳಿಯದೆ, ಮಂಚದ ಕೆಳಗಿನ ಬಿಲವನ್ನು ನೀವೇ ಮೆತ್ತಿ, ಇನ್ನೊಂದು ಕಂಬಳಿ ತಂದುಕೊಟ್ಟು, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ಯಿರಿ.