‘ಇಂಗ್ಲಿಷ್ ಕಿವಿ’ ಎಂಬ ಸುಳ್ಳು

ನನ್ನ ಅಕ್ಕನ ಮಗ ಐದು ತಿಂಗಳಿಂದ ಪುಣೆಯಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ಹಾವೇರಿ ಜಿಲ್ಲೆಯ ಹುಡುಗ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಹುಬ್ಬಳ್ಳಿಯಲ್ಲಿ ಬಿಇ. ಈಗ ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದಾನೆ. ಲೆಕ್ಕದಲ್ಲಿ, ಲಾಜಿಕ್‌ನಲ್ಲಿ ನನ್ನನ್ನು ಎಂದೋ ಮೀರಿಸಿದ್ದಾನೆ. ಒಂದು ಶನಿವಾರ ಸಂಜೆ ಕೋಚಿಂಗ್ ಕ್ಲಾಸಿನಿಂದ ಬಂದವನೇ ಚೀಲ ಸೋಫಾದ ಮೇಲೆ ಎಸೆದು, "ಮಾಮಾ, ನನಗ ಇಂಗ್ಲಿಷ್ ಕಿವಿ ಇಲ್ಲಂತ್ರಿ. ಸರ್ ಹೇಳಿದ್ರು" ಅಂದ.

"ಕಿವಿ ಅಂದ್ರ ಏನೋ?"

"ಓದಿದ ಕೂಡಲೇ ಯಾವುದು ಸರಿ ಅನಸ್ತದೋ ಅದನ್ನ ಟಿಕ್ ಮಾಡೂದಂತ. ಸಣ್ಣಂದಿನಿಂದ ಇಂಗ್ಲಿಷ್ ಕೇಳಿದವರಿಗೆ ತಾನ ಗೊತ್ತಾಗ್ತದಂತ. ನನ್ನಂಥವರು ದಿನಾ ಇಂಗ್ಲಿಷ್ ಪೇಪರ್ ಓದಬೇಕಂತ."

ನನಗೆ ಸಿಟ್ಟು ಬಂತು. ಆ ಮೇಷ್ಟರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಯಾಕೆಂದರೆ ಇದೇ ಮಾತನ್ನು ನಾನೂ ಆಫೀಸಿನಲ್ಲಿ ಎಷ್ಟೋ ಕಿರಿಯರಿಗೆ ಹೇಳಿದ್ದೇನೆ. "ಪೇಪರ್ ಓದಪ್ಪಾ, ತಾನಾಗಿ ಬರುತ್ತೆ." ನೀವೂ ಯಾರಿಗಾದರೂ ಹೇಳಿರುತ್ತೀರಿ. ಹೇಳಿ ಕೈತೊಳೆದುಕೊಳ್ಳುವುದಕ್ಕೆ ಇದಕ್ಕಿಂತ ಸುಲಭವಾದ ಸಲಹೆ ಇಲ್ಲ.

ಆ ಸಲಹೆಯನ್ನೇ ಇಂಥ ಪರೀಕ್ಷೆಗಳ ಒಂದು ಪ್ರಶ್ನೆಯಾಗಿ ಬರೆದು ನೋಡಿ. ‘ಇಂಗ್ಲಿಷ್ ಪತ್ರಿಕೆ ಓದುವವರಿಗೆ ಈ ವಿಭಾಗದಲ್ಲಿ ಹೆಚ್ಚು ಅಂಕ ಬರುತ್ತದೆ. ಆದ್ದರಿಂದ ಪತ್ರಿಕೆ ಓದಿದರೆ ಅಂಕ ಬರುತ್ತದೆ. ಈ ವಾದದ ದೋಷವೇನು?’ ಉತ್ತರ ಹೇಳಲು ಇಂಗ್ಲಿಷ್ ಬೇಕಿಲ್ಲ. ಮನೆಗೆ ಇಂಗ್ಲಿಷ್ ಪತ್ರಿಕೆ ಬರುವುದು ಯಾರ ಮನೆಗೆ? ಅಪ್ಪ ಅಮ್ಮ ಇಂಗ್ಲಿಷ್ ಬಲ್ಲವರ ಮನೆಗೆ. ಅಂಕವೂ ಅಲ್ಲಿಂದಲೇ, ಪತ್ರಿಕೆಯೂ ಅಲ್ಲಿಂದಲೇ ಬಂದಿರಬಹುದು. ಇಪ್ಪತ್ತು ವರ್ಷದಿಂದ ತರ್ಕ ಕಲಿಸುತ್ತೇವೆ ಅನ್ನುವವರು ಕೊಡುವ ಮೊದಲ ಸಲಹೆಯೇ ಅವರ ಪ್ರಶ್ನೆಪತ್ರಿಕೆಯಲ್ಲಿ ಫೇಲಾಗುತ್ತದೆ.

ನನ್ನ ವಾದ ಇಷ್ಟೆ: ಈ ಪ್ರಶ್ನೆಗಳಲ್ಲಿ ದೊಡ್ಡ ಪಾಲು ತರ್ಕ, ಅದನ್ನು ಕನ್ನಡದಲ್ಲೇ ಕಲಿಸಬಹುದು. ಉಳಿದ ಸಣ್ಣ ಪಾಲು ಬರೀ ರೂಢಿ, ಅದು ಪರೀಕ್ಷೆಯಲ್ಲಿ ಇರಲೇಬಾರದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಕಿವಿ’ ಎಂದು ಹೆಸರಿಟ್ಟಿರುವುದು ಮೋಸ.

ಆ ರಾತ್ರಿ ಊಟವಾದ ಮೇಲೆ ಪ್ಯಾರಾ ಜಂಬಲ್ ತೆಗೆದೆವು. ವಾಕ್ಯಗಳನ್ನು ಅಡ್ಡಾದಿಡ್ಡಿ ಕೊಟ್ಟು ಸರಿಯಾದ ಸಾಲು ಹಚ್ಚು ಅನ್ನುವ ಪ್ರಶ್ನೆ. ಅವನ ಪುಸ್ತಕ ಮುಚ್ಚಿಸಿ ನಾಲ್ಕು ಕನ್ನಡ ವಾಕ್ಯ ಬರೆದುಕೊಟ್ಟೆ.

ಅ. ಆದರೆ ಈ ಲೆಕ್ಕ ಮಳೆ ಚೆನ್ನಾಗಿ ಬಂದ ವರ್ಷಕ್ಕೆ ಮಾತ್ರ ಸರಿ.
ಆ. ಅಂಥ ವರ್ಷದಲ್ಲಿ ಬಾವಿ ಇದ್ದವರು ಮಾತ್ರ ಎರಡನೆಯ ಬೆಳೆ ತೆಗೆಯುತ್ತಾರೆ.
ಇ. ಊರ ಕೆರೆ ತುಂಬಿದರೆ ಎರಡು ಬೆಳೆ ಎಂದು ರೈತರು ಲೆಕ್ಕ ಹಾಕುತ್ತಾರೆ.
ಈ. ಮಳೆ ಕೈಕೊಟ್ಟರೆ ಸಂಕ್ರಾಂತಿಗೆ ಮೊದಲೇ ಕೆರೆ ಬತ್ತುತ್ತದೆ.

ಅರ್ಧ ನಿಮಿಷದಲ್ಲಿ ಇ, ಅ, ಈ, ಆ ಎಂದು ಬರೆದ. ಹೇಗೆ ಅಂದೆ. ‘ಈ ಲೆಕ್ಕ’ ಅನ್ನಬೇಕಾದರೆ ಮೊದಲು ಲೆಕ್ಕ ಬಂದಿರಬೇಕು, ಹಾಗಾಗಿ ಇ ಆದ ಮೇಲೆ ಅ. ‘ಅಂಥ ವರ್ಷ’ ಅನ್ನುವುದು ಅ ಆದ ಮೇಲೂ ಕೂತೀತು, ಅಲ್ಲಿಯೂ ಒಂದು ವರ್ಷದ ಮಾತಿದೆ. ಆದರೆ ಅದು ಮಳೆ ಬಂದ ವರ್ಷ, ಕೆರೆ ತುಂಬಿದಾಗ ಬಾವಿ ಇದ್ದವರು ‘ಮಾತ್ರ’ ಯಾಕೆ? ಆದ್ದರಿಂದ ಆ ಬರಬೇಕಾದದ್ದು ಈ ಆದ ಮೇಲೆ. "ಇದಕ್ಕ ಯಾವ ಕಿವಿ ಬಳಸಿದಿ?" ಅಂದೆ. ನಕ್ಕ.

ಇಂಗ್ಲಿಷಿನ ಪ್ರಶ್ನೆಯಲ್ಲಿ ನಡೆಯುವುದೂ ಇದೇ. ‘ದಿಸ್’, ‘ಸಚ್’, ‘ಹವೆವರ್’, ‘ಇಟ್’ ಯಾವುದಕ್ಕೆ ಕೈ ತೋರಿಸುತ್ತಿವೆ ಎಂದು ಹುಡುಕುವ ಕೆಲಸ. ಕನ್ನಡದಲ್ಲಿ ಅದನ್ನು ಮಾಡಬಲ್ಲ ತಲೆ ಇಂಗ್ಲಿಷಿಗೆ ಹೋದ ಕೂಡಲೇ ನಿಂತುಹೋಗುವುದಿಲ್ಲ. ನಿಲ್ಲುವುದು ಹೆದರಿಕೆಯಿಂದ. ನಿಧಾನವೂ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯಾಟ್‌ನ ಈ ವಿಭಾಗಕ್ಕೆ ಸಿಗುವುದು 40 ನಿಮಿಷ. ಈಚಿನ ವರ್ಷಗಳಲ್ಲಿ 24 ಪ್ರಶ್ನೆ, ಅವುಗಳಲ್ಲಿ 16 ದೊಡ್ಡ ಪ್ಯಾರಾ ಓದಿ ಉತ್ತರಿಸುವಂಥವು. ಪದಸಂಪತ್ತು ಬೇಕು, ಓದುವ ವೇಗ ಬೇಕು, ಓದದೆ ವೇಗ ಬರುವುದಿಲ್ಲ. ಆದರೆ ಏನನ್ನು ಹುಡುಕಬೇಕು ಎಂದು ಗೊತ್ತಿದ್ದು ಓದುವುದಕ್ಕೂ, ಕಿವಿ ಬೆಳೆಯಲಿ ಎಂದು ಸಂಪಾದಕೀಯದ ಮುಂದೆ ಕಣ್ಣು ಬಿಟ್ಟು ಕೂರುವುದಕ್ಕೂ ಬಹಳ ಅಂತರವಿದೆ.

ಹುಡುಗನ ಮಾಕ್ ಟೆಸ್ಟುಗಳನ್ನು ಹರಡಿಕೊಂಡು ಕೂತಾಗ ಇನ್ನೊಂದು ಸಂಗತಿ ಕಂಡಿತು. ಅವನು ತಪ್ಪಿದ ಪ್ರಶ್ನೆಗಳಲ್ಲಿ ಇಂಗ್ಲಿಷ್ ಅರ್ಥವಾಗದೆ ತಪ್ಪಿದ್ದು ಕಡಿಮೆ. ಹೆಚ್ಚಿನವು ಅವನಿಗೆ ನಿಜ ಅನಿಸಿದ ಆಯ್ಕೆ. ಲೋಕದಲ್ಲಿ ಅದು ನಿಜವೇ, ಪ್ಯಾರಾದಲ್ಲಿ ಮಾತ್ರ ಆ ಮಾತಿಲ್ಲ. ಒಂದು ನಿಯಮ ಮಾಡಿಕೊಂಡೆವು: ಆಯ್ಕೆಗೆ ಆಧಾರವಾದ ಸಾಲಿನ ಮೇಲೆ ಬೆರಳಿಡಲು ಆಗದಿದ್ದರೆ ಅದು ಉತ್ತರವಲ್ಲ. ‘ಓನ್ಲಿ’, ‘ಆಲ್‌ವೇಸ್’ ಇದ್ದ ಆಯ್ಕೆ ಯಾವಾಗಲೂ ತಪ್ಪು ಎಂದು ಕ್ಲಾಸಿನಲ್ಲಿ ಬರೆಸಿದ್ದರು. ಅದೂ ಮೂಢನಂಬಿಕೆ. ಪ್ಯಾರಾದಲ್ಲೇ ‘ಓನ್ಲಿ’ ಇದ್ದರೆ ಆಯ್ಕೆಯಲ್ಲಿಯೂ ಇರಬಹುದು. ಅಂದಹಾಗೆ ಆ ನಿಯಮದಲ್ಲೇ ಒಂದು ‘ಯಾವಾಗಲೂ’ ಇದೆ.

ಇನ್ನು ರೂಢಿಯ ಪಾಲಿಗೆ ಬರುತ್ತೇನೆ. ಇಂಗ್ಲಿಷಿನವರು ‘ಇನ್ ದ ಕಾರ್’ ಅನ್ನುತ್ತಾರೆ, ‘ಆನ್ ದ ಬಸ್’ ಅನ್ನುತ್ತಾರೆ. ನಮಗೆ ಕಾರಿನಲ್ಲಿ, ಬಸ್ಸಿನಲ್ಲಿ, ಎರಡೂ ಒಂದೇ. ಯಾವ ತರ್ಕದಿಂದ ಇದನ್ನು ಕಂಡುಹಿಡಿಯುವುದು? ಕೇಳಿದವನಿಗೆ ಗೊತ್ತು, ಕೇಳದವನಿಗೆ ಗೊತ್ತಿಲ್ಲ. ಕ್ಯಾಟ್ ಈಗ ಇಂಥವನ್ನು ಹೆಚ್ಚು ಕೇಳುವುದಿಲ್ಲ. ಆದರೆ ಗೇಟ್ ಪರೀಕ್ಷೆಯ ಜನರಲ್ ಆಪ್ಟಿಟ್ಯೂಡ್ ಪಠ್ಯಕ್ರಮದಲ್ಲಿ ಪ್ರಿಪೊಸಿಷನ್, ಆರ್ಟಿಕಲ್, ನುಡಿಗಟ್ಟು ಎಲ್ಲವೂ ಇವೆ. ಆ ಭಾಗಕ್ಕೆ 100ರಲ್ಲಿ 15 ಅಂಕ, ಅದರಲ್ಲಿ ಒಂದಷ್ಟು ಭಾಷೆಯ ಪಾಲು. ಅದು ಬಂದದ್ದು 2010ರಲ್ಲಿ. ನಾನು ಗೇಟ್ ಬರೆದದ್ದು ಅದಕ್ಕೆ ಮೊದಲು. ಎಂಟೆಕ್ ಸೀಟು ಸಿಕ್ಕಿದ್ದು ಸ್ವಲ್ಪದರಲ್ಲಿ. ಆಗಿನ ನನ್ನ ಇಂಗ್ಲಿಷಿಗೆ ಬಸ್ಸಿನ ಮುಂದೆ ‘ಆನ್’ ಬರುತ್ತದೋ ‘ಇನ್’ ಬರುತ್ತದೋ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಸೇತುವೆ ಕಟ್ಟಬಾರದೆ, ಕಂಪೈಲರ್ ಬರೆಯಬಾರದೆ?

ಇದು ನಮ್ಮ ಕೀಳರಿಮೆಯ ಗೊಣಗಾಟ ಅನ್ನುವವರು ಅಮೆರಿಕದ ಕಡೆ ನೋಡಲಿ. 1926ರಲ್ಲಿ ಅಲ್ಲಿನ ಸ್ಯಾಟ್ ಪರೀಕ್ಷೆ ಹುಟ್ಟುಹಾಕಿದ ಕಾರ್ಲ್ ಬ್ರಿಗಮ್ ಅದಕ್ಕೆ ಮೂರು ವರ್ಷ ಮೊದಲು ಯಾವ ಜನಾಂಗಕ್ಕೆ ಬುದ್ಧಿ ಹೆಚ್ಚು, ಯಾವುದಕ್ಕೆ ಕಡಿಮೆ ಎಂದು ಪುಸ್ತಕವನ್ನೇ ಬರೆದಿದ್ದ. 1930ರಲ್ಲಿ ಆ ತೀರ್ಮಾನಗಳಿಗೆ ಆಧಾರವಿಲ್ಲ ಎಂದು ಅವನೇ ಒಪ್ಪಿಕೊಂಡ. ಸ್ಯಾಟ್‌ನ ಒಂದು ಹಳೆಯ ಪ್ರಶ್ನೆ ಇಂದಿಗೂ ಮಾತಿಗೆ ಬರುತ್ತದೆ: ಓಟಗಾರನಿಗೆ ಮ್ಯಾರಥಾನ್ ಇದ್ದಂತೆ ಹುಟ್ಟು ಹಾಕುವವನಿಗೆ ಯಾವುದು? ಉತ್ತರ ‘ರೆಗಾಟಾ’, ಅಂದರೆ ದೋಣಿ ಪಂದ್ಯ. ದೋಣಿ ಪಂದ್ಯ ನೋಡುವ ಮನೆತನದಲ್ಲಿ ಹುಟ್ಟದ ಹುಡುಗನಿಗೆ ಅದು ಬುದ್ಧಿಯ ಪ್ರಶ್ನೆಯಲ್ಲ. ಆ ಬಗೆಯ ಪ್ರಶ್ನೆಗಳನ್ನು 2005ರಲ್ಲಿ ಸ್ಯಾಟ್ ಕೈಬಿಟ್ಟಿತು, 2011ರಲ್ಲಿ ಜಿಆರ್‌ಇ ಕೈಬಿಟ್ಟಿತು.

ನಮ್ಮಲ್ಲೂ ಆಗಿದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ 2011ರಲ್ಲಿ ಸಿಸ್ಯಾಟ್ ಬಂತು, ಅದರೊಳಗೆ ಇಂಗ್ಲಿಷ್ ಪ್ಯಾರಾಗಳೂ ಬಂದವು. 2014ರಲ್ಲಿ ದೆಹಲಿಯಲ್ಲಿ ಹಿಂದಿ ಮಾಧ್ಯಮದ ಅಭ್ಯರ್ಥಿಗಳು ಬೀದಿಗಿಳಿದರು. ಸರ್ಕಾರ ಇಂಗ್ಲಿಷ್ ಭಾಗದ ಅಂಕಗಳನ್ನು ಲೆಕ್ಕದಿಂದ ತೆಗೆಯಿತು, 2015ರಲ್ಲಿ ಇಡೀ ಪತ್ರಿಕೆಯೇ ಶೇ. 33 ಪಡೆದರೆ ಸಾಕು ಅನ್ನುವಂತಾಯಿತು. ಅಂದರೆ ಬದಲಾಯಿಸಲು ಬರುತ್ತದೆ, ಕೇಳುವವರು ಬೇಕು. ಹಿಂದಿಯವರು ಕೇಳಿದರು. ಆ ಪ್ರಿಲಿಮ್ಸ್ ಇಂದಿಗೂ ಇಂಗ್ಲಿಷ್, ಹಿಂದಿ ಎರಡರಲ್ಲೇ ಇದೆ. ನಾವೇನು ಕೇಳಿದೆವು?

ನಾವು ಕೇಳಲಿಲ್ಲ. ಪುಣೆ, ಹೈದರಾಬಾದಿಗೆ ಬಂದು ನೆಲೆ ನಿಂತ ಮೇಲೆ ಕನ್ನಡ ಶಾಲೆಯ ನೆನಪನ್ನು ರಾಜ್ಯೋತ್ಸವದ ಭಾಷಣಕ್ಕೆ ಇಟ್ಟುಕೊಂಡು, ಊರಿಂದ ಬಂದ ಹುಡುಗರಿಗೆ ‘ಪೇಪರ್ ಓದು’ ಅಂದೆವು. ನಾವು ಈ ಕೆಲಸಗಳನ್ನು ಹೇಗೆ ಮಾಡುತ್ತೇವೆ ಎಂದು ಅವರಿಗೆ ಹೇಳಲಿಲ್ಲ. ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಗ್ರಾಹಕರ ದಾಖಲೆಯೊಂದರಲ್ಲಿ ‘ಆಲ್ ಆರ್ಡರ್ಸ್ ಆರ್ ನಾಟ್ ಕ್ಯಾನ್ಸಲ್ಡ್’ ಎಂದಿತ್ತು. ಕಾನ್ವೆಂಟಿನಲ್ಲಿ ಓದಿದ ನಾಲ್ವರು ಅದನ್ನು ದಾಟಿಕೊಂಡು ಹೋದರು, ಕೇಳಲು ಏನೂ ಕೊಂಕಿರಲಿಲ್ಲ. ನನ್ನ ತಂಡದಲ್ಲಿದ್ದ ವಿಜಯಪುರದ ಹುಡುಗಿ ಅಲ್ಲೇ ನಿಂತಳು. "ಸರ್, ಒಂದೂ ರದ್ದಾಗಿಲ್ಲ ಅಂತಲೋ, ಕೆಲವಷ್ಟ ರದ್ದಾಗ್ಯಾವು ಅಂತಲೋ?" ಕನ್ನಡಕ್ಕೆ ತಂದುಕೊಳ್ಳುವಾಗ ಅವಳಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾಯಿತು, ಆರಿಸಲು ಆಗದೆ ಕೇಳಿದಳು. ಗ್ರಾಹಕರಿಗೆ ಬರೆದೆವು. ಅವರೊಳಗೇ ಇಬ್ಬರು ಎರಡು ಉತ್ತರ ಕೊಟ್ಟರು.

ಈಗ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ನಾಲ್ಕು ಹುಡುಗರು ಸೇರುತ್ತಾರೆ. ಅವಲಕ್ಕಿ, ಚಹಾ, ಒಂದು ಮಾಕ್ ಟೆಸ್ಟ್. ಪ್ಯಾರಾ ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಕಳೆದ ವಾರ ಮ್ಯೂಸಿಯಮ್ಮುಗಳ ಮೇಲಿನ ಪ್ಯಾರಾ ಒಂದಕ್ಕೆ ನಾನು ಮೂರನೆಯ ಆಯ್ಕೆ ಅಂದೆ, ಅಕ್ಕನ ಮಗ ಎರಡನೆಯದು ಅಂದ. ಮೂರನೆಯದು ಓದಲು ಎಷ್ಟು ಚೆಂದವಿದೆ ನೋಡು ಅಂದೆ. ಅವನು ಪ್ಯಾರಾದ ಐದನೆಯ ಸಾಲಿನ ಮೇಲೆ ಬೆರಳಿಟ್ಟ. "ಮಾಮಾ, ಇಲ್ಲಿ ‘ಮೆನಿ’ ಐತಿ. ನೀವು ಆರಿಸಿದ್ದರಾಗ ‘ಮೋಸ್ಟ್’ ಐತ್ರಿ."