ಬಗ್ಗಬೇಕಾದದ್ದು ಹಾಡು, ಮಗುವಲ್ಲ

ಆದವಾನಿ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಂದಿಗೂ ಇಲ್ಲಿ ನವೆಂಬರ್ ಬಂದರೆ ಕನ್ನಡ ಹಾಡು ಬೇಕೇ ಬೇಕು. ಸಂಗೀತದ ಮೇಷ್ಟ್ರು ನಮಗಿಲ್ಲ. ಮೊಬೈಲು, ಸ್ಪೀಕರೇ ಗುರು.

ಮೊಬೈಲಿನ ಹಾಡು ಗಂಡಸರ ಶ್ರುತಿಯದು. ನಮ್ಮ ಹುಡುಗಿಯರು ಅದೇ ಸ್ಥಾಯಿಯಲ್ಲಿ ಹಾಡಿದರೆ ದನಿ ಹೊರಡದು, ಮೇಲಿನ ಸ್ಥಾಯಿಗೆ ಹೋದರೆ ಚೀರಾಟ. "ಇವರಿಗೆ ಸ್ವರಜ್ಞಾನ ಇಲ್ಲ" ಅಂತ ನಾಲ್ವರನ್ನು ಹಿಂದೆ ಕೂರಿಸಿಬಿಟ್ಟೆವು. ತಪ್ಪು ನಮ್ಮದು.

ಕ್ಯಾಸೆಟ್ ಕಾಲದಲ್ಲಿ ವೇಗ ತಗ್ಗಿಸಿದರೆ ಶ್ರುತಿ ಇಳಿಯುತ್ತಿತ್ತು, ಆದರೆ ಹಾಡೂ ತೆವಳುತ್ತಿತ್ತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದ 'ಚೇಂಜ್ ಪಿಚ್'ನಲ್ಲಿ ಲಯ ಹಾಗೇ ಉಳಿದು ಶ್ರುತಿ ಮಾತ್ರ ಬದಲಾಗುತ್ತದೆ. ಅಲ್ಲಿನ ಒಂದು ಸೆಮಿಟೋನ್ ಅಂದರೆ ಹಾರ್ಮೋನಿಯಂನ ಒಂದು ಮನೆ; ಕರಿ, ಬಿಳಿ ಎರಡನ್ನೂ ಎಣಿಸಬೇಕು. ಹನ್ನೆರಡು ಮನೆ ಇಳಿದರೆ ಒಂದು ಸ್ಥಾಯಿಯೇ ಕೆಳಗೆ. ನಾವು ಇಳಿಸಿದ್ದು ಬರೀ ಮೂರು ಮನೆ. ತೀರಾ ಇಳಿಸಿದರೆ ಗಾಯಕರ ದನಿ ಬಯಲಾಟದ ರಕ್ಕಸನದಾಗುತ್ತದೆ! ಮೇಲಿನ ಸ್ಥಾಯಿ ಹಗುರವಾಯಿತು. ಹಿಂದೆ ಕೂತ ನಾಲ್ವರೂ ಎದ್ದು ಹಾಡಿದರು.

ಜೀಸ್ನ್ಯಾಪ್‌ನಂಥ ಉಚಿತ ಪ್ಲಗಿನ್‌ಗಳು ಹಾಡಿದವರ ದನಿಯನ್ನೇ ತಿದ್ದುತ್ತವೆ. ಶಾಲೆಯ ವಿಡಿಯೋಗೆ ಅದನ್ನೂ ಹಾಕೋಣ ಎನ್ನುವವರಿದ್ದಾರೆ. ಬೇಡ ಅನ್ನುತ್ತೇವೆ ನಾವು. ಪೇಟೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಎಂದು ದಿನವೂ ನಾಲಿಗೆ ಹೊರಳಿಸುವ ಮಕ್ಕಳಿವು. ನಿನ್ನ ದನಿ ಸರಿಯಿಲ್ಲ ಅಂತ ಯಂತ್ರದಿಂದಲೂ ಹೇಳಿಸಬೇಕೇ?

ಒಂದೆರಡು ಅಪಸ್ವರ ಇದ್ದರೆ ಇರಲಿ ಬಿಡಿ, ಅದು ನಮ್ಮ ಮಕ್ಕಳದೇ. ನೀವೇನಂತೀರಿ?