ಷೇರು ಪುಸ್ತಕದಲ್ಲಿ ಇಲ್ಲದ ಹೆಸರು



ಕಳೆದ ರೊಬಸ್ಟಾ ಕೊಯ್ಲಿನ ಸಮಯದಲ್ಲಿ ನಮ್ಮ ಭಾಗದ ಹಿರಿಯ ಬೆಳೆಗಾರರೊಬ್ಬರು ತಮ್ಮ 92ನೆಯ ವಯಸ್ಸಿನಲ್ಲಿ ದೈವಾಧೀನರಾದರು. ನೋಟಿಸ್ ಬೋರ್ಡಿಗೆಂದು ಗುಮಾಸ್ತರು ಬರೆದು ತಂದ ಶ್ರದ್ಧಾಂಜಲಿಯಲ್ಲಿ "ದಿವಂಗತ ಸುಬೇದಾರರ ಧರ್ಮಪತ್ನಿ" ಎಂದಿತ್ತು. ಸುಳ್ಳೇನಲ್ಲ, ಆದರೆ ಅಷ್ಟೇ ಇತ್ತು. ಸಹಿ ಹಾಕಲು ತೆಗೆದ ಪೆನ್ನನ್ನು ನಾವು ಮತ್ತೆ ಮುಚ್ಚಿಟ್ಟೆವು.

ಕೊಡಗಿನಲ್ಲಿ ಸೈನ್ಯಕ್ಕೆ ಆಳು ಕಳುಹಿಸದ ಮನೆ ಹುಡುಕುವುದು ಕಷ್ಟ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು, ಸಂತೋಷದ ಸಂಗತಿ. ಅವರ ಪತ್ನಿ ನೀನಾ ಅವರು 1935ರ ಕ್ವೆಟ್ಟಾ ಭೂಕಂಪದ ಕಾಲದಲ್ಲಿ ಮಾಡಿದ ಸೇವೆಗೆ ಕೈಸರ್-ಇ-ಹಿಂದ್ ಪದಕ ಪಡೆದವರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪದಕ ಬಂದವರ ಪಾಡೇ ಹೀಗಿರುವಾಗ ತೋಟ ಉಳಿಸಿದವರನ್ನು ಯಾರು ಕೇಳುತ್ತಾರೆ!

ನಮ್ಮ ಈ ಅಮ್ಮ ಮದುವೆಯಾಗಿ ಬಂದದ್ದು 1952ರಲ್ಲಿ. ರಜೆ ಮುಗಿಸಿ ಗಂಡ ಹೊರಟಾಗ ಮನೆಯಲ್ಲಿ ಉಳಿದವರು ಅತ್ತೆ, ಮಾವ, ಹನ್ನೊಂದು ಎಕರೆ ಕಾಫಿ ಮತ್ತು ಹೊಳೆಬದಿಯ ಅಡಿಕೆ. ಗಡಿ ಪ್ರದೇಶಕ್ಕೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಅಂದು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ ಕೊಡಬೇಕು, ಹಣ ಕಂತುಕಂತಾಗಿ ಬರುತ್ತಿತ್ತು. ಕಂತು ಬರುವುದು ಗಂಡನ ಹೆಸರಿಗೆ, ಗಂಡನ ವಿಳಾಸವೋ 56 ಎ.ಪಿ.ಓ.! ಸಹಿಗಾಗಿ ಕಾಗದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಲೈನ್ ಮನೆಯವರ ಬಟವಾಡೆಗೆ ಮೂರು ವಾರ ಸಾಲ ಹೇಳಬೇಕಾಗುತ್ತಿತ್ತು.

ಅಮ್ಮ ಮಳೆಲೆಕ್ಕ ಬರೆಯುತ್ತಿದ್ದರು. ಅಂಗಳದ ಮಳೆಮಾಪಕದಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ ಎಂದು ದಿನವೂ ನೋಡಿ, ವಾರಕ್ಕೊಮ್ಮೆ ಇನ್‌ಲ್ಯಾಂಡ್ ಕಾಗದದಲ್ಲಿ ಗಂಡನಿಗೆ ತಿಳಿಸುವುದು. ಮಾರ್ಚಿಯಲ್ಲಿ ಒಂದು ಇಂಚು ಬಿತ್ತೆಂದು ಓದಿದರೆ ಸಾಕು, ಹೂ ಅರಳಿತೆಂದು ಗಡಿಯಲ್ಲಿದ್ದವರಿಗೆ ತಿಳಿಯುತ್ತಿತ್ತು. 1971ರ ಡಿಸೆಂಬರಿನಲ್ಲಿ ಮಾತ್ರ ಆ ಕಡೆಯಿಂದ ಐದು ವಾರ ಉತ್ತರವಿಲ್ಲ. ಗಿಡದಲ್ಲಿ ಅರೇಬಿಕಾ ಹಣ್ಣಾಗಿ ನಿಂತಿತ್ತು. ಟಪಾಲಿನವನು ಗೇಟಿನ ಬಳಿ ಬಂದರೆ ತಂತಿಯೇ ಇರಬಹುದೆಂದು ಕೊಯ್ಯುವವರೂ ಕೈ ನಿಲ್ಲಿಸುತ್ತಿದ್ದರಂತೆ. ಅಮ್ಮ ಮಾತ್ರ ಸಂಜೆ ಕಣದಲ್ಲಿ ತೂಕ ಹಾಕಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಇದು ನಮ್ಮ ತಂದೆಯವರು ಹೇಳಿದ್ದು.

ನಿವೃತ್ತರಾಗಿ ಬಂದ ಸುಬೇದಾರರು ದೊಡ್ಡ ಮನುಷ್ಯರು. ತೋಟದ ವಿಷಯ ಕೇಳಿದವರಿಗೆ "ಒಳಗೆ ಕೇಳಿ" ಎನ್ನುತ್ತಿದ್ದರು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಗೆ ಕಂಡರಿಯದ ಬೆಲೆ ಬಂತಷ್ಟೆ. ನಾವೆಲ್ಲ ಸಾಲ ಮಾಡಿ ಜೀಪು ಕೊಂಡೆವು. ಅಮ್ಮ, "ಬ್ರೆಜಿಲಿನವರು ಗಿಡ ನೆಡುವುದನ್ನು ಮರೆತಿದ್ದಾರೆಯೇ?" ಎಂದು ಕೇಳಿ, ಬಂದ ಹಣದಲ್ಲಿ ಹಳೆಯ ಸಾಲ ತೀರಿಸಿ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದರು. 2001-02ರಲ್ಲಿ ಬೆಲೆ ನೆಲಕಚ್ಚಿದಾಗ ನಮ್ಮ ಜೀಪು ಹೋಯಿತು, ಅವರ ತೋಟ ಉಳಿಯಿತು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. 2003ರಲ್ಲಿ ಸುಬೇದಾರರು ತೀರಿಕೊಂಡರು. ಷೇರು ತಮ್ಮ ಹೆಸರಿಗೆ ಮಾಡಿಕೊಡಿರೆಂದು ಅಮ್ಮ ಅರ್ಜಿ ತಂದರು. ನಾಮನಿರ್ದೇಶನದಲ್ಲಿ ಅವರದೇ ಹೆಸರಿತ್ತು. ಆದರೂ ಮೂವರು ಗಂಡುಮಕ್ಕಳ ಒಪ್ಪಿಗೆ ಪತ್ರ ಬೇಕೆಂದು ಹಿಂದೆ ಕಳುಹಿಸಿದವರು ನಾವೇ. ನಿಯಮ ಕೇಳಿರಲಿಲ್ಲ, ರೂಢಿ ಕೇಳಿತ್ತು. ಒಬ್ಬ ಮಗ ಸೈನ್ಯದಲ್ಲಿ, ಪತ್ರ ಬರಲು ತಿಂಗಳುಗಳೇ ಹಿಡಿದವು. ಆ ವರ್ಷ ಅವರಿಗೆ ಬೆಳೆಸಾಲ ಸಿಗಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಖರ್ಚಿಗೆಂದು ಅಡಿಕೆ ಫಸಲನ್ನು ಸಿಕ್ಕಿದ ಬೆಲೆಗೆ ಚೇಣಿಗೆ ಕೊಟ್ಟರು. "ಐವತ್ತು ವರ್ಷ ಅವರ ಪರವಾಗಿ ಸಹಿ ಹಾಕಿದೆ ಸೆಕ್ರೆಟರಿಯವರೇ, ಆಗ ಯಾರ ಒಪ್ಪಿಗೆಯನ್ನೂ ನೀವು ಕೇಳಲಿಲ್ಲ" ಎಂದರು. ಕೋಪವಿರಲಿಲ್ಲ. ಬೇಸರಪಟ್ಟ ಅವರು ಆ ಅರ್ಜಿಯನ್ನು ಮತ್ತೆ ತರಲೇ ಇಲ್ಲ. ಕೊನೆಗೆ ಷೇರು ಹಿರಿಯ ಮಗನ ಹೆಸರಿಗೆ ಹೋಯಿತು. ಹೀಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ತೋಟ ಬಲ್ಲವರೊಬ್ಬರು ಒಂದು ಮಹಾಸಭೆಯಲ್ಲೂ ಕೈ ಎತ್ತದೆ ಹೋದರು.

ಇಂದು ಸೈನ್ಯವೊಂದೇ ಅಲ್ಲ, ಬೆಂಗಳೂರು, ದುಬೈ ಎಂದು ಗಂಡಸರು ಹೊರಗಿರುವ ತೋಟಗಳು ಅನೇಕ. ಗೊಬ್ಬರದ ಚೀಟಿ ಹಿಡಿದು ನಮ್ಮ ಕಿಟಕಿಗೆ ಬರುವವರು ಹೆಂಗಸರು, ಷೇರು ಪುಸ್ತಕದಲ್ಲಿರುವವರು ಬೇರೆ. ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಅದನ್ನೂ ಸ್ವತಃ ಬಂದು ಹಾಕಬೇಕು. ಹಾಗಾದರೆ ಬೆಳೆಸಾಲ, ಗೋದಾಮು, ಗೊಬ್ಬರದ ದರಗಳ ತೀರ್ಮಾನ ಮಾಡುತ್ತಿರುವವರು ಯಾರು?

ತೋಟ ನಡೆಸುತ್ತಿರುವ ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ಮತ್ತು ನಾಮನಿರ್ದೇಶನವಿದ್ದಲ್ಲಿ ಹೆಚ್ಚಿನ ಒಪ್ಪಿಗೆ ಪತ್ರ ಕೇಳದಿರುವ ನಿರ್ಣಯವನ್ನು ಬರುವ ಮಹಾಸಭೆಯ ಮುಂದೆ ಇಡಲಿದ್ದೇವೆ. ಕೆಲವು ಹಿರಿಯರಿಗೆ ಇದು ಮನೆಯೊಳಗೆ ಕೈಹಾಕಿದಂತೆ ಕಾಣುತ್ತದೆಂದು ಬಲ್ಲೆವು. ಸಭೆಗೆ ಬಂದು ಹೇಳಲಿ, ಬರುವಾಗ ಮನೆಯವರನ್ನೂ ಕರೆತರಲಿ.

ಅರ್ಜಿ ನಮೂನೆಗಳು ಕಚೇರಿಯಲ್ಲಿವೆ. ಪಹಣಿ ಪ್ರತಿ ಮತ್ತು ಎರಡು ಭಾವಚಿತ್ರ ತಂದರೆ ಸಾಕು. ಮಂಗಳವಾರ ಮತ್ತು ಶುಕ್ರವಾರ ನಾವು ಕಚೇರಿಯಲ್ಲೇ ಇರುತ್ತೇವೆ.

— ಕಾರ್ಯದರ್ಶಿ